ಮೆಟ್ಟಿಲು ಬಿಟ್ಟವರು

"ಬುದ್ಧಿ, ಇನ್ನೂ ಬಾರದ ಔಷಧಕ್ಕೆ ಗಿರಾಕಿಗಳನ್ನು ಎಣಿಸುವುದು ಹೇಗೆ?" ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಅವನು ಔಷಧ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಹೃದಯ ದುರ್ಬಲವಾಗಿ, ಕಾಲು ಊದಿ, ನಾಲ್ಕು ಹೆಜ್ಜೆಗೆ ಏದುಸಿರು ಬರುವವರಿಗಾಗಿ ಅಲ್ಲಿ ಹೊಸ ಔಷಧವೊಂದು ತಯಾರಾಗುತ್ತಿತ್ತು. ಮುಂದಿನ ಹತ್ತು ವರ್ಷ ಅದಕ್ಕೆ ಮಾರುಕಟ್ಟೆ ಹೇಗಿದ್ದೀತು ಎಂದು ಅವನು ಬರೆದುಕೊಡಬೇಕಿತ್ತು. ಆಸ್ಪತ್ರೆಗೆ ಬಂದವರ ಪಟ್ಟಿ ನೋಡಿದರೆ ಇಂಥ ರೋಗಿಗಳು ಕಡಿಮೆ. ಹಾಗೆಂದು ಬರೆದರೆ ಔಷಧದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಗುರುಗಳು ನಕ್ಕರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರೆ, ನಿಮ್ಮವರು ತಲೆಯ ಅಳತೆಯನ್ನೂ ಕೇಳುತ್ತಿದ್ದಾರಲ್ಲ ಎಂದು ಈ ಕತೆ ಹೇಳಿದರು.

ಹಿಂದೆ ಒಂದು ಊರಿನ ಪೇಟೆ ಬೆಟ್ಟದ ಮೇಲಿತ್ತು. ವರ್ತಕರು ಮೇಲೆಯೇ ವಾಸವಿದ್ದರು. ಉಳಿದವರ ಮನೆಗಳು ಕೆಳಗೆ. ನಡುವೆ ನೂರಿಪ್ಪತ್ತು ಮೆಟ್ಟಿಲು. ಆ ಕಾಲ ಚೆನ್ನಾಗಿತ್ತು. ಉಪ್ಪು ಬೇಕಾದವನೂ ಹತ್ತುತ್ತಿದ್ದ, ಬರಿಯ ಮಾತು ಬೇಕಾದವನೂ ಹತ್ತುತ್ತಿದ್ದ. ಎಲ್ಲರ ಮುಖವನ್ನೂ ದಿನಕ್ಕೊಮ್ಮೆ ನೋಡುತ್ತೇವೆ ಎಂದು ವರ್ತಕರು ನಂಬಿದ್ದರು.

ಅಲ್ಲಿ ಒಬ್ಬ ಪಂಡಿತ ಏದುಸಿರಿನ ರೋಗಕ್ಕೆ ಲೇಹ್ಯ ಮಾಡುತ್ತಿದ್ದ. ಅದು ಹದಕ್ಕೆ ಬರಲು ಇನ್ನೂ ಎರಡು ವರ್ಷ ಬೇಕಿತ್ತು. ಮೂಲಿಕೆ, ಸೌದೆ ಎಲ್ಲದರ ಖರ್ಚು ಒಬ್ಬ ವರ್ತಕನದು. ಇದನ್ನು ಕೊಳ್ಳುವವರು ಎಷ್ಟು ಮಂದಿ ಎಂಬ ಅನುಮಾನ ಅವನಿಗೆ ಬಂತು. ಒಂದು ತಿಂಗಳು ಪೇಟೆಯ ಬಾಗಿಲಲ್ಲಿ ಕೂತು, ಹತ್ತಿ ಬಂದವರನ್ನೆಲ್ಲ ವಿಚಾರಿಸಿದ. ಹೆಚ್ಚಿನವರು ಗುಂಡುಕಲ್ಲಿನ ಹಾಗಿದ್ದರು. ಉಸಿರು ಕಟ್ಟುತ್ತದೆ ಎಂದವರು ಮೂವರೇ. ಈ ಊರಿನಲ್ಲಿ ಆ ರೋಗವೇ ಇಲ್ಲ, ಒಲೆ ಆರಿಸು ಎಂದು ಪಂಡಿತನಿಗೆ ಹೇಳಿದ.

ಪಂಡಿತ ವಾದಿಸಲಿಲ್ಲ. ಆರಿಸುವ ಮುಂಚೆ ಕೆಳಗಿನ ಕೇರಿಗೆ ಒಮ್ಮೆ ಬನ್ನಿ ಎಂದು ಕರೆದೊಯ್ದ.

ಮೆಟ್ಟಿಲ ಬುಡದ ಮನೆಯ ಜಗಲಿಯಲ್ಲಿ ಒಬ್ಬ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಅವನಿಗೆ ಉಸಿರಾಡಲು ಆಗುತ್ತಿರಲಿಲ್ಲ. ವರ್ತಕನಿಗೆ ಗುರುತು ಸಿಕ್ಕಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಬಾಲ್ಯದ ಗೆಳೆಯ. ಹಿಡಿ ಹುರಿಗಡಲೆ ಪಣ ಕಟ್ಟಿ ಇಬ್ಬರೂ ಆ ಮೆಟ್ಟಿಲನ್ನು ಓಡಿ ಹತ್ತುತ್ತಿದ್ದರು. ಗೆಲ್ಲುತ್ತಿದ್ದವನು ಗೆಳೆಯನೇ. ಗೆದ್ದ ಕಡಲೆಯಲ್ಲಿ ಅರ್ಧ ಸೋತವನಿಗೇ ಕೊಟ್ಟುಬಿಡುತ್ತಿದ್ದ. ಅಂಥ ಗೆಳೆತನ ಈಗ ಹುಡುಕಿದರೂ ಸಿಕ್ಕದು.

"ಆರು ವರ್ಷದಿಂದ ನಿನ್ನ ಸುಳಿವಿಲ್ಲ. ಊರು ಬಿಟ್ಟೆ ಅಂದುಕೊಂಡೆ," ಎಂದ ವರ್ತಕ.

"ಊರು ಬಿಡಲಿಲ್ಲ ಕಣೋ, ಮೆಟ್ಟಿಲು ಬಿಟ್ಟೆ," ಎಂದ ಗೆಳೆಯ.

ಕೇರಿಯ ಉದ್ದಕ್ಕೂ ಜಗಲಿಗಳ ಮೇಲೆ ಅಂಥವರು ಕೂತಿದ್ದರು. ಎಲ್ಲರೂ ಒಂದು ಕಾಲಕ್ಕೆ ಅವನ ಅಂಗಡಿಗೆ ಬಂದು ಹರಟಿದವರೇ. ಹೆಸರು ಹಿಡಿದು ಒಬ್ಬೊಬ್ಬರನ್ನೇ ಮಾತಾಡಿಸುವಾಗ ವರ್ತಕನಿಗೆ ಅಳು ಬಂತು.

ಒಲೆ ಆರಲಿಲ್ಲ. ಲೇಹ್ಯ ಸಿದ್ಧವಾದಾಗ ಪಂಡಿತ ಅದನ್ನು ಕೆಳಗಿನ ಕೇರಿಗೇ ಹೊತ್ತು ತಂದ. ಗೆಳೆಯ ಪೂರ್ತಿ ಗುಣವಾಗಲಿಲ್ಲ. ಆದರೂ ಒಂದು ಬೆಳಿಗ್ಗೆ ಇಬ್ಬರೂ ನಡುನಡುವೆ ಕೂತು, ಹಳೆಯದನ್ನೆಲ್ಲ ನೆನೆಯುತ್ತ ನಲವತ್ತು ಮೆಟ್ಟಿಲು ಹತ್ತಿದರು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಮುಖ ಅರಳಿತು. ಹಾಗಾದರೆ ದೊಡ್ಡ ಸಂಖ್ಯೆಯನ್ನೇ ಬರೆಯುತ್ತೇನೆ ಎಂದು ಎದ್ದ.

"ಸಂಖ್ಯೆ ಆಮೇಲೆ ಬರೆಯುವೆಯಂತೆ, ಈಚೆಗೆ ನಿನ್ನನ್ನು ನೋಡಲು ಬರುವುದನ್ನು ಬಿಟ್ಟವರು ಯಾರು, ಹೇಳು," ಎಂದರು ಗುರುಗಳು.

ಮರುಳಸಿದ್ಧನಿಗೆ ಒಬ್ಬರ ಹೆಸರು ನೆನಪಾಯಿತು. ನೇರ ಅವರ ಮನೆಯ ದಾರಿ ಹಿಡಿದ.