ಕಳೆದ ಮೇಲೆ ಉಳಿದ ಚುಕ್ಕೆ

ಬೆಟ್ಟದ ತುದಿಯ ದೂರದರ್ಶಕಕ್ಕೆ ಹೊಸದಾಗಿ ಅವಕೆಂಪು ಕ್ಯಾಮೆರಾ ಕೂರಿಸಿದ್ದರು. ಕಣ್ಣಿಗೆ ಕಾಣದ ಶಾಖವನ್ನು ಹಿಡಿಯುವ ಕ್ಯಾಮೆರಾ ಅದು. ಎಂಥ ಸೊಗಸು ನೋಡಿ, ಪೂರ್ತಿ ಕತ್ತಲಾಗುವ ಮೊದಲೇ ನಕ್ಷತ್ರ ತೋರಿಸಿಬಿಡುತ್ತದೆ.

ಅದನ್ನು ಪರೀಕ್ಷಿಸುವ ಹೊಣೆ ಮಾಲಿನಿಯದು. ಅವಳ ಗುರು ನಂಜುಂಡಯ್ಯನವರು ಹೇಳಿದ್ದು ಒಂದೇ ಮಾತು: ಒಳಗೆ ಚಿತ್ರ ಹಿಡಿಯುವ ಚಿಪ್ಪನ್ನು ದ್ರವ ಸಾರಜನಕದಿಂದ ನಾಲ್ಕು ಗಂಟೆ ಹಿಡಿದು ತಣಿಸಬೇಕು, ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಇರುವುದು ಅದೊಂದೇ ಚಿಪ್ಪು. ಹನ್ನೊಂದು ಜನ ಎಂಟು ವರ್ಷ ದುಡಿದು ಮಾಡಿದ್ದು.

ಮಧ್ಯಾಹ್ನ ಊಟವಾದ ಮೇಲೆ ಮಾಲಿನಿಗೆ ಕಣ್ಣು ಹತ್ತಿಬಿಟ್ಟಿತು, ಪಾಪ. ಸಂಜೆ ಹತ್ತಿರವಾದಾಗ ಎದ್ದವಳು ಒಂದೇ ಗಂಟೆಯಲ್ಲಿ ತಣಿಸಿ ಮುಗಿಸಿದಳು.

ಆಕಾಶಕ್ಕೂ ಶಾಖವುಂಟು. ಹಾಗಾಗಿ ನಕ್ಷತ್ರದ್ದೊಂದು ಚಿತ್ರ, ಪಕ್ಕದ ಖಾಲಿ ಆಕಾಶದ್ದೊಂದು ಚಿತ್ರ ತೆಗೆದು, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಉಳಿದದ್ದೇ ನಕ್ಷತ್ರ.

ಸಂಜೆ ಮಾಲಿನಿ ಎರಡೂ ಚಿತ್ರ ತೆಗೆದು, ಒಂದರಿಂದ ಒಂದನ್ನು ಕಳೆದಳು. ನಕ್ಷತ್ರ ಉಳಿಯಿತು. ಅದರ ಪಕ್ಕದಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆಯೂ ಉಳಿಯಿತು.

ಅದೇ ಚಿತ್ರವನ್ನು ಮೂರು ಸಲ ತೆರೆದಳು. ಚುಕ್ಕೆ ಅಲ್ಲೇ.

ಮೆಟ್ಟಿಲ ಮೇಲೆ ಗುರುಗಳ ಚಪ್ಪಲಿ ಸದ್ದು. ಚಿತ್ರ ಅಳಿಸಿಬಿಡಲೇ ಅನ್ನಿಸಿತಂತೆ. ಬೆರಳು ಗುಂಡಿಯವರೆಗೂ ಹೋಗಿತ್ತು.

ನಂಜುಂಡಯ್ಯ ಪರದೆಯತ್ತ ಬಗ್ಗಿದರು. "ಏನಮ್ಮ ಇದು?"

"ಚಿಪ್ಪು ಹೋಯ್ತು ಸರ್. ಒಂದೇ ಗಂಟೇಲಿ ತಣಿಸಿದೆ. ನಾನೇ ಹಾಳು ಮಾಡಿದೆ."

ಗುರುಗಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸ್ಟೂಲು ಎಳೆದುಕೊಂಡು ಕೂತರು. ಖಾಲಿ ಆಕಾಶದ ಚಿತ್ರವನ್ನು ಬೇರೆ ಜಾಗದಲ್ಲಿ ತೆಗೆದು ಮತ್ತೆ ಕಳೆ ಎಂದರು, ಅಷ್ಟೇ.

ದೂರದರ್ಶಕ ಕೂದಲೆಳೆಯಷ್ಟು ಹೊರಳಿತು. ಮಾಲಿನಿ ಕಣ್ಣು ಮುಚ್ಚಿಕೊಂಡೇ ಗುಂಡಿ ಒತ್ತಿದಳು.

"ನೋಡು."

ನಕ್ಷತ್ರವೊಂದೇ ಇತ್ತು.

ಚುಕ್ಕೆ ಎಲ್ಲಿ ಹೋಯಿತೆಂದು ಕೇಳಿದಳು. ಮೊದಲ ಸಲ ಅವಳು ಖಾಲಿ ಎಂದುಕೊಂಡ ಜಾಗದಲ್ಲಿ ಒಂದು ಮಂಕು ನಕ್ಷತ್ರವಿತ್ತು, ಅದನ್ನೂ ಸೇರಿಸಿ ಕಳೆದದ್ದಕ್ಕೆ ಚಿತ್ರದಲ್ಲಿ ಗುಳಿ ಬಿದ್ದಿತ್ತು ಎಂದು ಗುರುಗಳು ಬಿಡಿಸಿ ಹೇಳಿದರು. ಚಿಪ್ಪಿಗೇ ಗಾಯವಾಗಿದ್ದರೆ ಚುಕ್ಕೆ ಕದಲುತ್ತಿರಲಿಲ್ಲ.

ಮಾಲಿನಿ ಉಸಿರು ಬಿಟ್ಟಳು. "ಸುಮ್ಮನೆ ಹೆದರಿಬಿಟ್ಟೆ ಸರ್."

ನಂಜುಂಡಯ್ಯ ಸ್ಟೂಲಿನಿಂದ ಎದ್ದರು.

"ಹೆದರಿಕೆ ಸರಿಯಾಗೇ ಇತ್ತು ಕಣಮ್ಮ. ಚುಕ್ಕೆ ಮಾತ್ರ ಸುಳ್ಳು."