ಎಣ್ಣೆ ಸವರಿದ ಬಾಗಿಲು

"ಅಕ್ಕನವರೇ, ಕಾರಿನ ಬಾಗಿಲ ಸುತ್ತ ಒಂದು ಪಟ್ಟಿ ಇರುತ್ತದಲ್ಲ, ಅದಕ್ಕೆ ಏನೋ ಹೆಸರು… ಬಾಯಿಗೆ ಬರುತ್ತಿಲ್ಲ," ಎಂದು ಶಿಷ್ಯ ತಡವರಿಸಿದ.

"ಹೆಸರು ಇರಲಿ. ಅದಕ್ಕೇನಾಯಿತು?"

"ಆಶ್ರಮದ ಕಾರು ನೆರಳಲ್ಲೇ ನಿಂತಿತ್ತು. ಯಾರೂ ಓಡಿಸಲಿಲ್ಲ, ಮುಟ್ಟಲಿಲ್ಲ. ಆದರೂ ಆ ರಬ್ಬರು ಬಿರಿದು ಉದುರುತ್ತಿದೆ. ಮುಟ್ಟದೆ ಕಾಪಾಡಿದ್ದು ಏಕೆ ಹಾಳಾಗುತ್ತದೆ?"

ಅಕ್ಕನವರು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣದ ಎಣ್ಣೆಯ ವ್ಯಾಪಾರಿ ಇದ್ದ. ಎಣ್ಣೆ ಕಾಪಾಡದ ವಸ್ತುವೇ ಲೋಕದಲ್ಲಿಲ್ಲ ಎಂದು ಅವನ ನಂಬಿಕೆ. ಗಾಣದ ಮರ, ಚಕ್ಕಡಿಯ ಅಚ್ಚು, ಕಾಲಿನ ಚಪ್ಪಲಿ, ಮಗಳ ನೆತ್ತಿ, ಎಲ್ಲಕ್ಕೂ ಅವನದು ಕುಸುಬೆ ಎಣ್ಣೆಯೇ. ಹೆಂಡತಿಗೆಂದು ಒಂದು ಕಾರು ಕೊಂಡ. ಅವಳು ಮಲ್ಲಿಗೆ ಮುಡಿದು ಅದರಲ್ಲಿ ಒಮ್ಮೆ ತವರಿಗೆ ಹೋಗಿ ಬಂದಳು. ಅದೇ ವಾರ ಜ್ವರ ಬಂದು ತೀರಿಕೊಂಡಳು.

ಮಣ್ಣು ಮಾಡಿ ಬಂದವನು ಕಾರಿನ ಬಾಗಿಲು ತೆರೆದ. ಮಲ್ಲಿಗೆಯ ವಾಸನೆ, ಅವಳ ಸೀರೆಯ ವಾಸನೆ. ಅವಳು ಒಳಗೇ ಇದ್ದಳು. ಸದ್ದಾಗದಂತೆ ಬಾಗಿಲು ಮುಚ್ಚಿದ. ಮತ್ತೆ ತೆರೆಯಲಿಲ್ಲ. ವಾಸನೆ ಸೋರಬಾರದೆಂದು ಪ್ರತಿ ಸೋಮವಾರ ಸಂದಿಯೊಳಗೆ ಬತ್ತಿ ತೂರಿಸಿ ರಬ್ಬರಿಗೆ ಎಣ್ಣೆ ಉಣಿಸಿದ. ಹೀಗೆ ಹನ್ನೆರಡು ವರ್ಷ.

ಮಗಳು ಬೆಳೆದಳು. ಮದುವೆಯಾಗಿ ಗಂಡನ ಊರಿಗೆ ಹೊರಡುವ ಬೆಳಿಗ್ಗೆ ಕಾರಿನ ಮುಂದೆ ಬಂದು ನಿಂತಳು.

"ಅಪ್ಪಾ, ಅವ್ವ ಕುಂತ ಜಾಗದಾಗ ಒಂದ್ ಗಳಿಗಿ ಕುಂತು ಹೋಗ್ತೀನಿ."

"ಬಾಗಲಾ ತಗದ್ರ ನಿಮ್ಮವ್ವ ಹೊಂಟ್ ಹೋಗ್ತಾಳ."

"ನಾನೂ ಹೊಂಟೀನಲ್ಲಪ್ಪ."

ಅವನು ಕೀಲಿ ಕೊಡಲಿಲ್ಲ. ಎಣ್ಣೆಯ ಬಟ್ಟಲು ಹಿಡಿದು ಕಾರಿನ ಬಾಗಿಲಿಗೆ ಮುಖ ಮಾಡಿ ಕುಳಿತ.

ಬಿಸಿಲೇರಿತು. ರಬ್ಬರಿನ ಒಂದು ಬಿರುಕಿನಿಂದ ಬೆಚ್ಚನೆಯ ಗಾಳಿ ಬಂದು ಅವನ ಕೆನ್ನೆಗೆ ತಾಗಿತು. ಅಂಗೈ ಒಡ್ಡಿದ. ಮತ್ತೆ ತಾಗಿತು. ಅವನು ಅಲ್ಲಿಂದ ಏಳಲಿಲ್ಲ. ಸಂಜೆ ತಂಪು ಬಿದ್ದಾಗ ಅದೇ ಬಿರುಕು ಬತ್ತಿಯ ನೂಲನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡಿತು.

"ಮಗಳ, ಬಾರವ್ವಾ! ನಿಮ್ಮವ್ವ ಉಸಿರಾಡಾಕತ್ತಾಳ!" ಎಂದು ಕೂಗಿದ.

ಮಗಳು ಆಗಲೇ ಗಂಡನ ಊರಿಗೆ ಹೊರಟು ಹೋಗಿದ್ದಳು.

ಕೂಗು ಕೇಳಿ ಪಕ್ಕದ ಗ್ಯಾರೇಜಿನ ಮೇಸ್ತ್ರಿ ಓಡಿ ಬಂದ. ಇಬ್ಬರೂ ಸೇರಿ ಬಾಗಿಲು ಎಳೆದರು. ಅಂಟಿಕೊಂಡಿದ್ದ ರಬ್ಬರು ಚರ್ಮದಂತೆ ಉದ್ದಕ್ಕೆ ಜಗ್ಗಿ, ಹರಿಯಿತು. ಸೀಟು ಖಾಲಿ ಇತ್ತು. ಒಳಗೆಲ್ಲ ಕಮಟು ಹಿಡಿದ ಕುಸುಬೆ ಎಣ್ಣೆಯ ವಾಸನೆ. ಬೇರೆ ಯಾವುದೂ ಇಲ್ಲ.

"ಸಾವ್ಕಾರ್ರ, ಮಿರ್ಚಿ ಕರಿಯೋ ಎಣ್ಣಿ ಇದಕ್ಯಾಕ ಹಚ್ಚೀರಿ?" ಎಂದ ಮೇಸ್ತ್ರಿ. "ರಬ್ಬರು ನಿಂತಲ್ಲೇ ಮುಪ್ಪಾಗ್ತದ್ರಿ. ಗಾಳಿನ ಅದನ್ನ ತಿಂತದ. ನಿಮ್ಮ ಎಣ್ಣಿ ಇನ್ನಷ್ಟು ಅವಸರ ಮಾಡೇತಿ."

"ಉಸಿರು?"

"ಒಳಗಿನ ಗಾಳಿ ಕಾದ್ರ ಹೊರಗ ಬರ್ತದ, ಆರಿದ್ರ ಒಳಗ ಹೋಗ್ತದ. ಅಷ್ಟ ರೀ."

ಅಕ್ಕನವರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಅಲ್ಲಿ ಉಸಿರಾಡುವವರು ಯಾರೂ ಇರಲೇ ಇಲ್ಲವೇ?" ಎಂದು ಶಿಷ್ಯ ಕೇಳಿದ.

"ಒಬ್ಬಳಿದ್ದಳಪ್ಪ, ಅಂಗಳ ದಾಟುವಾಗ ತಿರುಗಿ ನೋಡಿದಳು, ಅವಳಿಗೆ ಕಂಡದ್ದು ಅಪ್ಪನ ಬೆನ್ನು."