ಪಂಚಾಂಗ ಕಾದ ಕಾವಲಪ್ಪ

ಪಂಚಾಂಗ ಅಚ್ಚು ಹಾಕುವ ಒಂದು ಪ್ರೆಸ್ಸು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ಅನಸೂಯ. ಅವಳಿಗೊಬ್ಬ ಪೆದ್ದ ಮಗ, ಕಾವಲಪ್ಪ. ಹೆತ್ತ ಮಗನಲ್ಲ, ಬರೆದ ಮಗ. ಕಂಪ್ಯೂಟರಿನೊಳಗೇ ಕೂತು ಕಡತ ಕಾಯುವ ಪ್ರೋಗ್ರಾಮು.

ಹೋದ ವರ್ಷ ಯಾರೋ ಕಡತ ತಿದ್ದಿ, ಆಷಾಢದಲ್ಲಿ ಮದುವೆ ಮುಹೂರ್ತ ಅಚ್ಚಾಗಿತ್ತು. ಊರೆಲ್ಲ ನಕ್ಕಿತ್ತು. "ಈ ಸಲವೂ ಹಾಗಾದರೆ ನಿನಗಿಲ್ಲಿ ಕೆಲಸವಿಲ್ಲಮ್ಮ" ಅಂದಿದ್ದರು ಯಜಮಾನರು.

"ಮಗನೇ, ಮುಹೂರ್ತದ ಕಡತ ಯಾರು ಮುಟ್ಟಿದರೂ ಕೂಗು" ಅಂದಳು ಅನಸೂಯ.

"ಆಗಲಮ್ಮಾ!"

ಅವಳೇ ಓದಲೆಂದು ಕಡತ ತೆರೆದಳು.

"ಅಮ್ಮಾ, ಮುಟ್ಟಿದರು!"

"ನಾನೇ ಕಣೋ!"

"ಮತ್ತೆ ಮುಟ್ಟಿದರು!"

"ಅಯ್ಯೋ ಪೆದ್ದೇ! ಓದಿದರೆ ಕೂಗಬೇಡ. ಬರೆದರೆ ಕೂಗು."

"ಆಗಲಮ್ಮಾ!"

ಮಾರನೆಯ ದಿನ ಕರಡು ತಿದ್ದುವ ಗುಂಡಾಭಟ್ಟರು ಕೂತರು. ಅವರಿಗೆ ಅಕ್ಷರಕ್ಕೊಂದು ಸಲ ಸೇವ್ ಒತ್ತುವ ಚಟ.

"ಅಮ್ಮಾ, ಬರೆದರು! ಅಮ್ಮಾ, ಬರೆದರು! ಅಮ್ಮಾ, ಬರೆದರು!"

"ಏನಮ್ಮಾ, ನಿನ್ನ ಮಗ ನನಗಿಂತ ಜಾಸ್ತಿ ಜಪ ಮಾಡ್ತಾನಲ್ಲ!" ಅಂದರು ಭಟ್ಟರು.

"ಅವರು ಬರೆದು, ಮುಗಿಸಿ, ಮುಚ್ಚಲಿ. ಆಮೇಲೆ ಒಂದೇ ಸಲ ಕೂಗೋ!"

"ಆಗಲಮ್ಮಾ!"

ಮೂರನೆಯ ದಿನ ಅನಸೂಯ ಹಳೆಯ ಕಡತ ಅಳಿಸಿ, ತಿದ್ದಿದ್ದನ್ನು ಅದೇ ಹೆಸರಿನಲ್ಲಿ ಇಟ್ಟಳು. ಭಟ್ಟರು ಬಂದರು, ಬರೆದರು, ಮುಚ್ಚಿ ಎದ್ದೂ ಹೋದರು. ಕಾವಲಪ್ಪ ಗಪ್‌ಚಿಪ್.

"ಯಾಕೋ ಕೂಗಲಿಲ್ಲ?"

"ನೀನು ಹೇಳಿದ ಕಡತ ಹೋಗಿಬಿಟ್ಟಿತಲ್ಲಮ್ಮಾ. ಇದು ಬೇರೆ. ಹೆಸರೊಂದೇ ಅದರದ್ದು."

ಅನಸೂಯ ಹಣೆ ಚಚ್ಚಿಕೊಂಡಳು, ನಗುವೂ ಬಂತು. "ನನ್ನಪ್ಪಾ! ಒಂದು ಕಡತ ಬೇಡ, ಇಡೀ ಫೋಲ್ಡರ್ ಕಾಯಿ. ಅದರಲ್ಲಿ ಏನೇ ಬದಲಾದರೂ ಕೂಗಬೇಡ, ಬರೆದಿಡು."

"ಎಲ್ಲಿ ಬರೆಯಲಮ್ಮಾ?"

"ಅಲ್ಲೇ ಬರೆಯೋ!"

ಅಲ್ಲೇ ಬರೆದ. ಅದೇ ಫೋಲ್ಡರಿನೊಳಗೆ 'ವರದಿ' ಎಂಬ ಕಡತ ಮಾಡಿ, "ಹೊಸ ಕಡತ ಬಂತು" ಎಂದು ಬರೆದ. ಬರೆದದ್ದರಿಂದ ವರದಿ ಬದಲಾಯಿತು. "ವರದಿ ಬದಲಾಯಿತು" ಎಂದು ಬರೆದ. ಮತ್ತೆ ಬದಲಾಯಿತು. ಮತ್ತೆ ಬರೆದ. ಬರೆದ, ಬದಲಾಯಿತು, ಬದಲಾಯಿತು, ಬರೆದ. ವರದಿ ಊದುತ್ತಲೇ ಹೋಯಿತು.

ಪಂಚಾಂಗ ಅಚ್ಚಿಗೆ ಹೋಗುವ ದಿನ ಅನಸೂಯ ಕಾಫಿ ಕುಡಿದು ಬಂದರೆ, ಅವಳ ಕುರ್ಚಿಯಲ್ಲಿ ಯಜಮಾನರು! ಮೈಯೆಲ್ಲ ಬೆವರು.

"ಇದೇನಮ್ಮಾ, ಸೇವೇ ಆಗ್ತಿಲ್ಲ! ಡಿಸ್ಕಿನಲ್ಲಿ ಜಾಗವಿಲ್ಲ ಅಂತಿದೆ!"

ತೆರೆಯ ಮೇಲೆ ಆಷಾಢದ ಪುಟ.

"ಸಾರ್... ನೀವಾ?"

ಯಜಮಾನರು ತಲೆ ತಗ್ಗಿಸಿದರು. "ನಮ್ಮ ಮದುವೆ ಛತ್ರ ಇದೆಯಲ್ಲಮ್ಮಾ, ಆಷಾಢ ಪೂರ್ತಿ ಖಾಲಿ ಬಿದ್ದಿರುತ್ತೆ."

ಪಂಚಾಂಗ ಇದ್ದ ಹಾಗೇ ಅಚ್ಚಿಗೆ ಹೋಯಿತು. ಅನಸೂಯಳ ಕೆಲಸ ಉಳಿಯಿತು. ಕೆಲಸದ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ.

"ಸಾಕು ಮಾಡೋ, ನನ್ನ ಬಂಗಾರ" ಎಂದು ಅವಳು ವರದಿಯನ್ನು ಅಳಿಸಿದಳು.

"ಆಗಲಮ್ಮಾ!" ಅಂದ ಕಾವಲಪ್ಪ. ಅಂದವನೇ ಹೊಸ ವರದಿ ತೆರೆದು ಬರೆದ: "ಅಮ್ಮ ವರದಿ ಅಳಿಸಿದಳು." ಅದರ ಕೆಳಗೆ: "ವರದಿ ಬದಲಾಯಿತು."